ಈಬೋರ್ ಸಿಟಿಯ ಸ್ಯಾಂಡ್‌ವಿಚ್ಚೂ ನಮ್ಮ ಮನೆಯ ಕಾಚಂಪುಳಿಯೂ



ನಮ್ಮ ಕೂಟದ ಪತ್ರಿಕೆಯ ಅಡುಗೆ ಪುಟದಲ್ಲಿ ಇಲ್ಲಿಯವರೆಗೆ ಬಿಸಿಬೇಳೆ ಭಾತ್ ನಾಲ್ಕು ಸಲ, ಕಾಯಿ ಹೋಳಿಗೆ ಮೂರು ಸಲ, ಮೈಕ್ರೋವೇವ್ ಮೈಸೂರುಪಾಕು ಎರಡು ಸಲ ಬಂದಿವೆ. ಎಲ್ಲವೂ ರುಚಿಯಾದವೇ. ನಾವೂ ಮಾಡಿ ತಿಂದಿದ್ದೇವೆ, ಮೈಸೂರುಪಾಕಿನಲ್ಲಿ ಒಂದು ಹಲ್ಲನ್ನೂ ಕಳೆದುಕೊಂಡಿದ್ದೇವೆ! ಆದರೆ ಮಾಂಸದ ಅಡುಗೆ ಮಾತ್ರ ಒಂದೂ ಬಂದಿಲ್ಲ. ಯಾರೂ ಬೇಡವೆಂದದ್ದಲ್ಲ, ಯಾರೂ ಬರೆಯಲಿಲ್ಲ, ಅಷ್ಟೆ. ಈ ಸಲ ಸಂಪಾದಕರು ಫೋನ್ ಮಾಡಿ "ನಿಮ್ಮ ಮನೆಯಲ್ಲಿ ಮಾಡುವ ಆ ಬಿಸಿ ಸ್ಯಾಂಡ್‌ವಿಚ್ ಬಗ್ಗೆ ಬರೆದುಕೊಡಿ" ಎಂದಾಗ ನಾವು ಒಂದೇ ಮಾತು ಕೇಳಿದೆವು: "ಅದರಲ್ಲಿ ಹಂದಿಮಾಂಸ ಇದೆ, ಪರವಾಗಿಲ್ಲವೆ?" ಆ ಕಡೆ ಒಂದು ಕ್ಷಣ ಸದ್ದಿಲ್ಲ. ಆಮೇಲೆ "ಬರೆಯಿರಿ, ಜಾಗ ಇಟ್ಟಿರುತ್ತೇವೆ" ಎಂದರು. ಆ ಜಾಗವೇ ಇದು. ಮಾಂಸ ತಿನ್ನದವರು ದಯವಿಟ್ಟು ಪುಟ ಮಗುಚಬೇಡಿ. ನಿಮಗೂ ಇದರಲ್ಲಿ ಒಂದು ಪಾಲು ಇದೆ, ನೀವು ತಿಳಿದಿರಬೇಕಾದ ಒಂದು ಎಚ್ಚರಿಕೆಯೂ ಇದೆ.

ಮೊದಲು ನಮ್ಮ ವಿಚಾರ. ನಮ್ಮಿಬ್ಬರಲ್ಲಿ ಒಬ್ಬರ ಮನೆ ಕೊಡಗಿನ ವಿರಾಜಪೇಟೆ ಕಡೆ, ಇನ್ನೊಬ್ಬರದು ಸಕಲೇಶಪುರದ ಕಡೆ. 1994ರಲ್ಲಿ ಫ್ಲಾರಿಡಾದ ಈ ಟ್ಯಾಂಪಾ ಊರಿಗೆ ಬಂದೆವು. ಬರುವಾಗ ಸೂಟ್‌ಕೇಸಿನಲ್ಲಿ ಎರಡು ಭಾರದ ವಸ್ತುಗಳಿದ್ದವು: ಕಬ್ಬಿಣದ ದೋಸೆ ಕಾವಲಿ ಒಂದು, ಕಲ್ಲಿನ ಕುಟ್ಟಾಣಿ ಒಂದು. ಇನ್ನೊಂದು ಹಗುರವಾದದ್ದು, ನಾಲ್ಕು ಪದರ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಕಾಚಂಪುಳಿಯ ಸೀಸೆ. ಗೊತ್ತಿಲ್ಲದವರಿಗೆ ಹೇಳುತ್ತೇವೆ: ಕೊಡಗಿನಲ್ಲಿ ಪಣಪುಳಿ ಎಂಬ ಹುಳಿಹಣ್ಣು ಇದೆ. ಹಣ್ಣಾದದ್ದನ್ನು ಕೂಡಿಟ್ಟು, ತೊಟ್ಟಿಕ್ಕುವ ರಸವನ್ನು ಕುದಿಸಿ ಕುದಿಸಿ ಕಪ್ಪಗೆ ಗಟ್ಟಿಯಾಗಿಸಿದರೆ ಅದೇ ಕಾಚಂಪುಳಿ. ಒಂದು ಚಮಚ ಸಾಕು, ಇಡೀ ಪಾತ್ರೆಯ ರುಚಿಯೇ ಬೇರೆಯಾಗುತ್ತದೆ. ಕೊಡಗಿನ ಪಂದಿ ಕರಿಗೆ ಇದು ಬಿಟ್ಟರೆ ಬೇರೆ ಹುಳಿ ಒಗ್ಗುವುದಿಲ್ಲ. ಸೆಪ್ಟೆಂಬರ್ ಮೊದಲ ವಾರದ ಹೊತ್ತಿಗೆ ಬರುವ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿ ಕತ್ತಿಗಳಿಗೆ ಪೂಜೆ ಮಾಡಿ, ಅಕ್ಕಿತರಿಯ ಕಡಂಬುಟ್ಟಿನ ಜೊತೆ ಪಂದಿ ಕರಿ ಉಣ್ಣುವುದು ಆ ಕಡೆಯ ಪದ್ಧತಿ. ಹಬ್ಬ ಎಂದರೆ ಹೋಳಿಗೆ ಎಂದು ಮೈಸೂರಿನ ಮಕ್ಕಳಿಗೆ ಹೇಗೋ, ಹಬ್ಬ ಎಂದರೆ ಕಡಂಬುಟ್ಟು ಪಂದಿ ಕರಿ ಎಂದು ಕೊಡಗಿನ ಮಕ್ಕಳಿಗೆ ಹಾಗೆ.

ಟ್ಯಾಂಪಾದಲ್ಲಿ ನಮ್ಮ ಮೊದಲ ಬಾಡಿಗೆ ಮನೆಯಿಂದ ಈಬೋರ್ ಸಿಟಿ ಹತ್ತು ನಿಮಿಷದ ದಾರಿ. ಈಗ ಅದು ಊರಿನ ಒಂದು ಬಡಾವಣೆ, ಮೊದಲು ಪ್ರತ್ಯೇಕ ಊರು. ವಿಸೆಂತೆ ಮಾರ್ತಿನೆಸ್ ಈಬೋರ್ ಎಂಬ ಸ್ಪೇನ್ ಮೂಲದ ಚುಟ್ಟಾ ವ್ಯಾಪಾರಿ 1885ರಲ್ಲಿ ಇಲ್ಲಿ ನೆಲ ಕೊಂಡು, ಕೀ ವೆಸ್ಟ್‌ನಲ್ಲಿದ್ದ ತನ್ನ ಕಾರ್ಖಾನೆಯನ್ನು ಇಲ್ಲಿಗೆ ತಂದ. ಮರುವರ್ಷದಿಂದ ಚುಟ್ಟಾ ತಯಾರಿಕೆ ಶುರುವಾಯಿತು. ಕ್ಯೂಬಾದಿಂದ ಹೊಗೆಸೊಪ್ಪೂ ಬಂತು, ಅದನ್ನು ಸುತ್ತುವ ಕೈಗಳೂ ಬಂದವು. ಸ್ಪೇನ್‌ನವರು ಬಂದರು. ಸಿಸಿಲಿಯ ಗುಡ್ಡಗಾಡಿನ ಊರುಗಳಿಂದ, ಮುಖ್ಯವಾಗಿ ಸಾಂತೊ ಸ್ಟೆಫಾನೊ ಕ್ವಿಸ್ಕ್ವಿನಾ ಎಂಬ ಊರಿನಿಂದ, ಇಟಲಿಯವರು ಬಂದರು. ಒಬ್ಬ ಅಣ್ಣ ಬಂದು, ತಮ್ಮನನ್ನು ಕರೆಸಿ, ತಮ್ಮ ಭಾವಮೈದುನನನ್ನು ಕರೆಸಿ... ಇದು ನಮಗೆ ಯಾರೂ ಬಿಡಿಸಿ ಹೇಳಬೇಕಾದ ಕಥೆಯಲ್ಲ, ಅಲ್ಲವೆ?

ಆ ಕಾರ್ಖಾನೆಗಳ ಒಂದು ಸಂಗತಿ ನಮಗೆ ಬಹಳ ಹಿಡಿಸಿತು. ನೂರಾರು ಜನ ಸಾಲಾಗಿ ಕುಳಿತು ಚುಟ್ಟಾ ಸುತ್ತುವಾಗ, ಎತ್ತರದ ಕಟ್ಟೆಯ ಮೇಲೆ ಒಬ್ಬ ಓದುಗ ಕುಳಿತು ಗಟ್ಟಿಯಾಗಿ ಓದುತ್ತಿದ್ದ. ಒಂದು ಹೊತ್ತು ಪತ್ರಿಕೆಯ ಸುದ್ದಿ, ಇನ್ನೊಂದು ಹೊತ್ತು ಕಾದಂಬರಿ. ಡಾನ್ ಕ್ವಿಕ್ಸೋಟ್ ಅಂಥವುಗಳೂ ಅಲ್ಲಿ ಓದಿದ ಪುಸ್ತಕಗಳೇ. ಓದುಗನ ಸಂಬಳ ಮಾಲೀಕರದ್ದಲ್ಲ. ಕೆಲಸಗಾರರು ತಮ್ಮ ಕೂಲಿಯಿಂದಲೇ ವಂತಿಗೆ ಹಾಕಿ ಕೊಡುತ್ತಿದ್ದರು. ನಮ್ಮ ಹಳ್ಳಿಯ ಜಗಲಿಯಲ್ಲಿ ರಾತ್ರಿ ಜೈಮಿನಿ ಭಾರತ ಓದಿಸುತ್ತಿದ್ದರಲ್ಲ, ಹಾಗೆ. 1931ರಲ್ಲಿ ಮಾಲೀಕರು ಈ ಓದನ್ನು ನಿಲ್ಲಿಸಿದರು. ಕೆಲಸಗಾರರು ಮುಷ್ಕರ ಹೂಡಿದರೂ ಓದು ಮತ್ತೆ ಬರಲಿಲ್ಲ.

ಈ ಊರಿನ ಸ್ಯಾಂಡ್‌ವಿಚ್ಚಿಗೆ 'ಕ್ಯೂಬನ್' ಎಂದು ಹೆಸರು. ಹಿಂದೆ 'ಮಿಕ್ಸ್ತೋ' ಎನ್ನುತ್ತಿದ್ದರಂತೆ, ಎಂದರೆ ಮಿಶ್ರ. ಒಳಗೆ ಹ್ಯಾಮ್, ಹುಳಿಕಿತ್ತಳೆ ರಸದಲ್ಲಿ ನೆನೆಸಿ ಬೇಯಿಸಿದ ಹಂದಿಮಾಂಸ, ಸಲಾಮಿ, ಸ್ವಿಸ್ ಚೀಸ್, ಸೌತೆ ಉಪ್ಪಿನಕಾಯಿ, ಸಾಸಿವೆ. ಹ್ಯಾಮ್ ಸ್ಪೇನ್‌ನವರದ್ದು, ಬೇಯಿಸಿದ ಮಾಂಸ ಕ್ಯೂಬಾದವರದ್ದು, ಸಲಾಮಿ ಇಟಲಿಯವರದ್ದು, ಸಾಸಿವೆ ಉಪ್ಪಿನಕಾಯಿ ಜರ್ಮನಿ ಕಡೆಯವರದ್ದು ಎಂದು ಊರಿನವರು ಬೆರಳು ಮಡಚಿ ಲೆಕ್ಕ ಹೇಳುತ್ತಾರೆ. ಈ ಲೆಕ್ಕ ಎಷ್ಟು ಸರಿ, ಸ್ಯಾಂಡ್‌ವಿಚ್ ಮೊದಲು ಹುಟ್ಟಿದ್ದು ಹವಾನಾದಲ್ಲೋ ಕೀ ವೆಸ್ಟ್‌ನಲ್ಲೋ ಟ್ಯಾಂಪಾದಲ್ಲೋ ಎಂಬ ಜಗಳ ಇನ್ನೂ ತೀರಿಲ್ಲ. ಮಯಾಮಿಯವರಿಗಂತೂ ಸಲಾಮಿಯ ಹೆಸರೆತ್ತಿದರೆ ಸಿಟ್ಟು. ಅವರದರಲ್ಲಿ ಅದು ಇರುವುದೇ ಇಲ್ಲ. 2012ರಲ್ಲಿ ನಮ್ಮ ಟ್ಯಾಂಪಾದ ನಗರಸಭೆ ಸಲಾಮಿ ಇರುವ ಸ್ಯಾಂಡ್‌ವಿಚ್ಚೇ ಈ ಊರಿನ ಗುರುತಿನ ಸ್ಯಾಂಡ್‌ವಿಚ್ ಎಂದು ಠರಾವು ಮಾಡಿತು. ಮದ್ದೂರಿನವರು ವಡೆಗೆ ಠರಾವು ಮಾಡಿದ ಹಾಗಾಯಿತು ಎಂದು ನಾವು ನಕ್ಕೆವು.

ಇಷ್ಟೂ ಜನ ಒಂದೇ ಬ್ರೆಡ್ಡಿನೊಳಗೆ ಸೇರಿದರು. ಆದರೆ ಸಂಘಗಳು? ಅಲ್ಲಿ ನಮ್ಮ ಕೂಟದಂಥವು ಆಗಲೇ ಇದ್ದವು. 1891ರಲ್ಲಿ ಸೆಂತ್ರೊ ಎಸ್ಪಾನ್ಯೋಲ್, 1894ರಲ್ಲಿ ಇಟಲಿಯವರ ಲೂನ್ಯೊನೆ ಇಟಾಲಿಯಾನಾ, 1902ರಲ್ಲಿ ಸೆಂತ್ರೊ ಆಸ್ತೂರಿಯಾನೊ. ತಿಂಗಳ ಚಂದಾ ಕೊಟ್ಟ ಸದಸ್ಯರಿಗೆ ವೈದ್ಯರು, ಔಷಧಿ, ಪುಸ್ತಕಾಲಯ, ನಾಟಕ, ನೃತ್ಯ ಎಲ್ಲವೂ ಸಿಗುತ್ತಿತ್ತು. ಸ್ಪೇನ್‌ನವರ ಎರಡೂ ಸಂಘಗಳು ಆಸ್ಪತ್ರೆಗಳನ್ನೇ ಕಟ್ಟಿಸಿದವು. ಚಂದಾ ವಸೂಲಿಗೆ ಒದ್ದಾಡುವ ನಮ್ಮ ಖಜಾಂಚಿಗಳು ಇದನ್ನು ಗಮನಿಸಬೇಕು! ಕ್ಯೂಬಾದವರೂ 1899ರಲ್ಲಿ ಒಂದು ಸಂಘ ಮಾಡಿಕೊಂಡರು. ಮೊದಲು ಅದರಲ್ಲಿ ಬಿಳಿಯರೂ ಕರಿಯರೂ ಒಟ್ಟಿಗೇ ಇದ್ದರು. ಒಂದೇ ಭಾಷೆ, ಒಂದೇ ದೇಶ, ಒಂದೇ ಕಾರ್ಖಾನೆಯ ಬೆಂಚು. ಆದರೆ ಅಮೆರಿಕದ ದಕ್ಷಿಣದ ವರ್ಣಭೇದದ ಗಾಳಿ ಅಲ್ಲಿಗೂ ಬಡಿಯಿತು. 1900ರಲ್ಲಿ ಕರಿಯ ಕ್ಯೂಬನ್ನರು ಬೇರೆಯಾಗಿ ತಮ್ಮದೇ ಸಂಘ ಕಟ್ಟಿಕೊಳ್ಳಬೇಕಾಯಿತು. 1904ರಿಂದ ಅದಕ್ಕೆ 'ಲಾ ಉನ್ಯೋನ್ ಮಾರ್ತಿ-ಮಾಸೆಯೊ' ಎಂದು ಹೆಸರು. ಕ್ಯೂಬಾದ ಸ್ವಾತಂತ್ರ್ಯಕ್ಕೆ ದುಡಿದ ಒಬ್ಬ ಬಿಳಿಯ, ಒಬ್ಬ ಕರಿಯ, ಇಬ್ಬರ ಹೆಸರನ್ನೂ ಸೇರಿಸಿ ಇಟ್ಟುಕೊಂಡರು. ಹೊರಗೆ ಹೋದವರೇ ಇಬ್ಬರ ಹೆಸರನ್ನೂ ಉಳಿಸಿಕೊಂಡರು ಎಂಬುದು ನಮ್ಮ ಮನಸ್ಸಿನಲ್ಲಿ ನಿಂತಿದೆ. ಅವರು ಅನುಭವಿಸಿದ್ದಕ್ಕೂ ನಾವು ಮುಂದೆ ಹೇಳುವ ಚಿಕ್ಕ ವಿಷಯಕ್ಕೂ ಹೋಲಿಕೆ ಇಲ್ಲ. ಆದರೆ ಸಂಘ ಕಟ್ಟುವವರು ಯಾವಾಗಲೂ ಕೇಳಿಕೊಳ್ಳಬೇಕಾದ ಪ್ರಶ್ನೆ ಅಲ್ಲಿಯದೂ ಇಲ್ಲಿಯದೂ ಒಂದೇ: ಒಳಗೆ ಬಂದವರು ತಮ್ಮದನ್ನು ಬಾಗಿಲಲ್ಲಿ ಬಿಟ್ಟು ಬರಬೇಕೆ, ತಂದುಕೊಳ್ಳಬಹುದೆ?

ಚಿಕ್ಕ ವಿಷಯ ಇದು. 2002ರಲ್ಲಿ ನಮ್ಮ ಮಗನಿಗೆ ಒಂಬತ್ತು ವರ್ಷ. ಭಾನುವಾರದ ಕನ್ನಡ ತರಗತಿಗೆ ಹೋಗುತ್ತಿದ್ದ. 'ನಮ್ಮ ಮನೆಯ ಹಬ್ಬದ ಊಟ' ಎಂದು ಹತ್ತು ಸಾಲು ಬರೆದು ಚಿತ್ರ ಹಾಕಿ ತರಲು ಹೇಳಿದ್ದರು. ಅವನು ಕೈಲ್‌ಪೊಳ್ದ್ ಬಗ್ಗೆ ಬರೆದ. ಕೋವಿ, ತೋಕ್ ಪೂವಿನ ಅಲಂಕಾರ, ಕಡಂಬುಟ್ಟಿನ ಬಿಳಿ ಉಂಡೆಗಳು, ಪಕ್ಕದಲ್ಲಿ ಕಪ್ಪು ಬಣ್ಣ ಬಳಿದ ಪಂದಿ ಕರಿ. ಹತ್ತು ಸಾಲಿನಲ್ಲಿ ಒತ್ತಕ್ಷರದ ತಪ್ಪು ಎರಡೇ ಎರಡು. ಯುಗಾದಿಯ ದಿನ ಮಕ್ಕಳ ಬರಹಗಳನ್ನೆಲ್ಲ ಸಭಾಂಗಣದ ಗೋಡೆಗೆ ಅಂಟಿಸಿದ್ದರು, ಅವನದೊಂದು ಇರಲಿಲ್ಲ. ಕಲಿಸುತ್ತಿದ್ದವರು ಒಳ್ಳೆಯವರು. ವಾರವಿಡೀ ದುಡಿದು ಭಾನುವಾರ ನಮ್ಮ ಮಕ್ಕಳಿಗಾಗಿ ಬರುತ್ತಿದ್ದವರು. "ಕೆಲವರಿಗೆ ಬೇಸರವಾಗಬಹುದು ಅಂತ ಇಟ್ಟುಕೊಂಡೆ" ಎಂದು ಹಾಳೆಯನ್ನು ಜೋಪಾನವಾಗಿ ನಮ್ಮ ಕೈಗೇ ಕೊಟ್ಟರು. ಅವರ ಮೇಲೆ ನಮಗೆ ಕೋಪವಿಲ್ಲ. ಆದರೆ ಮಗ ಕಾರಿನಲ್ಲಿ ಕೇಳಿದ ಮಾತಿಗೆ ಉತ್ತರ ಬೇಕಿತ್ತು. "ಅಪ್ಪಾ, ನಾವು ಕನ್ನಡದವರೇ ಅಲ್ವಾ?" ಎಂದ. ಹೌದಪ್ಪಾ ಎಂದೆವು. "ಮತ್ತೆ ನಮ್ಮ ಊಟ?" ಎಂದ.

ಅಂದಿನಿಂದ ಎರಡು ವರ್ಷ ಅವನು ತರಗತಿಗೆ ಹೋಗಲಿಲ್ಲ. ಮನೆಯಲ್ಲಿ ನಾವು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ. ಇದು ಎಲ್ಲರ ಮನೆಯಲ್ಲೂ ಇದ್ದದ್ದೇ ಎಂದು ನೀವು ಹೇಳಬಹುದು. ಇರಬಹುದು. ನಮ್ಮ ಮನೆಯಲ್ಲಿ ಅದಕ್ಕೊಂದು ತಾರೀಖಿತ್ತು.

ಆ ದಿನಗಳಲ್ಲಿ ಶನಿವಾರ ಮಧ್ಯಾಹ್ನ ಈಬೋರ್ ಸಿಟಿಯ ಒಂದು ಪುಟ್ಟ ಅಂಗಡಿಗೆ ಹೋಗಿ ಈ ಸ್ಯಾಂಡ್‌ವಿಚ್ ತಿನ್ನುವುದು ನಮ್ಮ ರೂಢಿ. ಮಗನಿಗೆ ಪ್ರಶ್ನೆ ಕೇಳುವ ಚಾಳಿ. ಕಟಕಟೆಯ ಹಿಂದಿದ್ದ ಹಿರಿಯರನ್ನು "ಇದಕ್ಕೆ ಸಲಾಮಿ ಯಾಕೆ?" ಎಂದು ಕೇಳಿದ. ಅವರು ಕೈಕೆಲಸ ನಿಲ್ಲಿಸದೆ, ಯಾವ ಪದರ ಯಾರದ್ದು ಎಂದು ಒಂದೊಂದಾಗಿ ತೋರಿಸಿ ಹೇಳಿದರು. ಬರುವಾಗ ಕಾರಿನಲ್ಲಿ ಮಗ ಬಹಳ ಹೊತ್ತು ಸುಮ್ಮನಿದ್ದ. ಮನೆಗೆ ಬಂದವನೇ ಫ್ರಿಜ್ ತೆಗೆದು, ಹಿಂದಿನ ದಿನ ಉಳಿದಿದ್ದ ಪಂದಿ ಕರಿಯ ತುಂಡುಗಳನ್ನು ಮಸಾಲೆಯಿಂದ ಎತ್ತಿ ಬ್ರೆಡ್ಡಿನ ಮೇಲೆ ಹರವಿದ. "ನಮ್ಮದೊಂದು ಪದರ" ಎಂದ. ಕನ್ನಡದಲ್ಲೇ ಎಂದ. ಆ ಮೊದಲ ಸ್ಯಾಂಡ್‌ವಿಚ್ ಒಂದು ಕಡೆ ಕರಕಲು, ಒಂದು ಕಡೆ ಹಸಿ, ಒಳಗೆ ಮಸಾಲೆ ನೀರು. ಮೂವರೂ ಪೂರ್ತಿ ತಿಂದೆವು. ಅಲ್ಲಿಂದ ಇಲ್ಲಿಯವರೆಗೆ ತಿದ್ದಿ ತಿದ್ದಿ ಹದಕ್ಕೆ ತಂದದ್ದನ್ನು ಈಗ ಬರೆಯುತ್ತೇವೆ.

ಮಾಂಸ: ಮೂಳೆಯಿಲ್ಲದ ಹಂದಿಯ ಭುಜದ ತುಂಡು 4 ಪೌಂಡ್. ಕ್ಯೂಬನ್ನರು ಇದಕ್ಕೆ ಹುಳಿಕಿತ್ತಳೆಯ ರಸ ಹಾಕುತ್ತಾರೆ. ನಮ್ಮ ಹೇರಳೆಕಾಯಿಯ ನೆನಪು ತರುವ, ಹುಳಿ ಜೊತೆಗೆ ಸ್ವಲ್ಪ ಕಹಿ ಇರುವ ಹಣ್ಣು. ಲ್ಯಾಟಿನ್ ಅಂಗಡಿಗಳಲ್ಲಿ ಸಿಗುತ್ತದೆ. ಸಿಗದಿದ್ದರೆ ಮುಕ್ಕಾಲು ಕಪ್ಪಿಗೆ ಸ್ವಲ್ಪ ಕಡಿಮೆ ಕಿತ್ತಳೆ ರಸ, ಕಾಲು ಕಪ್ಪಿಗೆ ಸ್ವಲ್ಪ ಹೆಚ್ಚು ನಿಂಬೆ ರಸ, ಒಟ್ಟು ಒಂದು ಕಪ್. ಬೆಳ್ಳುಳ್ಳಿ 10 ಎಸಳು, ಜೀರಿಗೆ 2 ಚಹಾ ಚಮಚ, ಒಣ ಒರೆಗಾನೊ 1 ದೊಡ್ಡ ಚಮಚ, ಕರಿಮೆಣಸು 1 ಚಹಾ ಚಮಚ, ಉಪ್ಪು 1 ದೊಡ್ಡ ಚಮಚ. ಬೆಳ್ಳುಳ್ಳಿ, ಜೀರಿಗೆ, ಮೆಣಸನ್ನು ಕುಟ್ಟಾಣಿಯಲ್ಲಿ ಕುಟ್ಟಿ ರಸಕ್ಕೆ ಸೇರಿಸಿ. ಇಲ್ಲಿ ನಮ್ಮ ಮನೆಯ ಕೈಚಳಕ: ಒಂದು ದೊಡ್ಡ ಚಮಚ ಕಾಚಂಪುಳಿ. ಮಾಂಸಕ್ಕೆ ಅಲ್ಲಲ್ಲಿ ಚಾಕುವಿನಿಂದ ತಿವಿದು ಈ ರಸ ಹಚ್ಚಿ ರಾತ್ರಿಯಿಡೀ ಫ್ರಿಜ್ಜಿನಲ್ಲಿಡಿ. ಬೆಳಿಗ್ಗೆ ಫಾಯಿಲ್ ಮುಚ್ಚಿ 325 ಡಿಗ್ರಿ ಫ್ಯಾರನ್‌ಹೀಟ್ ಅವನ್‌ನಲ್ಲಿ 2 ಗಂಟೆ, ಫಾಯಿಲ್ ತೆಗೆದು ಮತ್ತೆ ಒಂದು ಒಂದೂವರೆ ಗಂಟೆ. ಹಂದಿಮಾಂಸದ ಇಡೀ ತುಂಡಿನ ಒಳಗಿನ ಶಾಖ ಕನಿಷ್ಠ 145 ಡಿಗ್ರಿ ಮುಟ್ಟಿ 3 ನಿಮಿಷ ಹಾಗೇ ಇರಬೇಕೆಂಬುದು ಇಲ್ಲಿಯ ಕೃಷಿ ಇಲಾಖೆಯ ಸೂಚನೆ. ಅದು ಸುರಕ್ಷತೆಯ ಮಾತು. ಭುಜದ ತುಂಡು ಮೆತ್ತಗಾಗಬೇಕಾದರೆ 180 ದಾಟಬೇಕು. ಮಾಂಸದ ಥರ್ಮಾಮೀಟರ್ ಒಂದು ಕೊಂಡಿಟ್ಟುಕೊಳ್ಳಿ. ಅರ್ಧ ಗಂಟೆ ಆರಲು ಬಿಟ್ಟು, ಎಳೆಗೆ ಅಡ್ಡವಾಗಿ ತೆಳ್ಳಗೆ ಹೆಚ್ಚಿ. ಬಿಸಿಯಲ್ಲೇ ಹೆಚ್ಚಿದರೆ ಪುಡಿಪುಡಿಯಾಗುತ್ತದೆ.

ಬ್ರೆಡ್: ಕ್ಯೂಬನ್ ಬ್ರೆಡ್ ಸುಮಾರು ಮೂರು ಅಡಿ ಉದ್ದ. ಮೇಲೆ ತೆಳುವಾದ ಗರಿಗರಿ ಪದರ, ಒಳಗೆ ಹತ್ತಿ. ಈಬೋರ್ ಸಿಟಿಯಲ್ಲಿ 1915ರಿಂದ ನಡೆಯುತ್ತಿರುವ ಲಾ ಸೆಗುಂಡಾ ಬೇಕರಿಯಲ್ಲಿ ಬೇಯಿಸುವ ಮುಂಚೆ ಪ್ರತಿ ಹಿಟ್ಟಿನ ಮೇಲೂ ಪಾಮೆಟೊ ಎಂಬ ಗಿಡ್ಡ ತಾಳೆಯ ಗರಿ ಒಂದು ಇಡುತ್ತಾರೆ. ಬೆಂದಾಗ ಆ ಗರಿಯ ಗೆರೆಯುದ್ದಕ್ಕೂ ಬ್ರೆಡ್ ನೀಟಾಗಿ ಬಿರಿಯುತ್ತದೆ. ಹಲಸಿನೆಲೆಯಲ್ಲಿ ಕಡುಬು ಮಾಡುವವರಿಗೆ ಇದು ಹೊಸದೆನಿಸುವುದಿಲ್ಲ. ಬೇರೆ ಊರಿನವರು ಮೆತ್ತಗಿನ ಇಟಾಲಿಯನ್ ಲೋಫ್ ತನ್ನಿ. ಗಟ್ಟಿ ಫ್ರೆಂಚ್ ಬ್ಯಾಗೆಟ್ ಬೇಡ, ಒತ್ತಿದರೆ ಬಗ್ಗುವುದಿಲ್ಲ.

ಈಗ ಆ ಎಚ್ಚರಿಕೆ. ಸಸ್ಯಾಹಾರಿಗಳೇ, ಗಮನಿಸಿ: ಸಂಪ್ರದಾಯದ ಕ್ಯೂಬನ್ ಬ್ರೆಡ್ಡಿನ ಹಿಟ್ಟಿಗೆ ಹಂದಿಯ ಕೊಬ್ಬು ಹಾಕಿ ನಾದಿರುತ್ತಾರೆ. ಒಳಗೆ ಬರೀ ಚೀಸ್ ಇದ್ದರೂ ಅದು ಸಸ್ಯಾಹಾರ ಆಗುವುದಿಲ್ಲ. ಚೀಸ್‌ನಲ್ಲೂ ಕೆಲವು ಪ್ರಾಣಿಮೂಲದ ರೆನೆಟ್‌ನಿಂದ ಹೆಪ್ಪುಗಟ್ಟಿಸಿದವು ಇರುತ್ತವೆ. ಅಂಗಡಿಯಲ್ಲಿ ಕೇಳಿ, ಪೊಟ್ಟಣದ ಮೇಲೆ ಓದಿ. ನಾವು ಮಾಂಸ ತಿನ್ನುವವರಾದ್ದರಿಂದಲೇ ಇದು ನಮಗೆ ಗೊತ್ತು, ಗೊತ್ತಿದ್ದನ್ನು ನಿಮಗೆ ಹೇಳುವುದು ನಮ್ಮ ಕೆಲಸ.

ಜೋಡಿಸುವುದು: 8 ಅಂಗುಲದ ಬ್ರೆಡ್ ಸೀಳಿ. ಕೆಳಗಿನ ಹೋಳಿನ ಮೇಲೆ ಮೊದಲು ಹ್ಯಾಮ್ ನಾಲ್ಕು ತೆಳು ಹಾಳೆ, ಅದರ ಮೇಲೆ ಹೆಚ್ಚಿದ ಮಾಂಸ, ಸಲಾಮಿ ಮೂರು ಬಿಲ್ಲೆ, ಸ್ವಿಸ್ ಚೀಸ್ ಎರಡು ಹಾಳೆ, ಕೊನೆಗೆ ಸೌತೆ ಉಪ್ಪಿನಕಾಯಿಯ ಉದ್ದ ಸೀಳು ಮೂರು. ಮೇಲಿನ ಹೋಳಿಗೆ ಹಳದಿ ಸಾಸಿವೆ ಒಂದು ಚಹಾ ಚಮಚ. ಮೇಯನೇಸ್, ಲೆಟಿಸ್, ಟೊಮೇಟೊ ಹಾಕಬೇಡಿ, ಈ ಊರಿನ ಹಿರಿಯರು ಮುಖ ತಿರುಗಿಸುತ್ತಾರೆ. ಉಪ್ಪಿನಕಾಯಿ ಸೀಳುಗಳನ್ನು ಪೇಪರ್ ಟವೆಲ್‌ನಲ್ಲಿ ಒತ್ತಿ ನೀರು ತೆಗೆಯಲೇಬೇಕು. ಇಲ್ಲದಿದ್ದರೆ ಆ ನೀರು ಆವಿಯಾಗಿ ಬ್ರೆಡ್ಡನ್ನು ಒಳಗಿನಿಂದ ಮುದ್ದೆ ಮಾಡುತ್ತದೆ. ಫ್ರಿಜ್ಜಿನಿಂದ ತೆಗೆದ ಮಾಂಸದ ಹೋಳುಗಳನ್ನು ಮೊದಲೇ ಬಿಸಿ ಮಾಡಿಟ್ಟುಕೊಳ್ಳಿ. ತಣ್ಣಗಿನ ಮಾಂಸದ ಮೇಲೆ ಚೀಸ್ ಕರಗುವ ಹೊತ್ತಿಗೆ ಬ್ರೆಡ್ ಸೀದಿರುತ್ತದೆ.

ಒತ್ತುವುದು: ಇದೇ ಮುಖ್ಯ. ಅಂಗಡಿಗಳಲ್ಲಿ ಮೇಲೂ ಕೆಳಗೂ ಕಾಯುವ ಭಾರದ ಯಂತ್ರ ಇರುತ್ತದೆ. ಮನೆಯಲ್ಲಿ ಕಬ್ಬಿಣದ ಕಾವಲಿ ಸಾಕು. ಬ್ರೆಡ್ಡಿನ ಹೊರಮೈಗೆ ತೆಳುವಾಗಿ ಬೆಣ್ಣೆ ಸವರಿ, ಮಧ್ಯಮಕ್ಕಿಂತ ಸ್ವಲ್ಪ ಕಡಿಮೆ ಉರಿಯಲ್ಲಿ ಕಾದ ಕಾವಲಿಯ ಮೇಲಿಡಿ. ಅದರ ಮೇಲೆ ಇನ್ನೊಂದು ಚಿಕ್ಕ ಕಬ್ಬಿಣದ ಬಾಣಲೆ, ಬಾಣಲೆಯೊಳಗೆ ಭಾರಕ್ಕೆ ಏನಾದರೂ. ಈ ಕಡೆಯವರು ಫಾಯಿಲ್ ಸುತ್ತಿದ ಇಟ್ಟಿಗೆ ಇಡುತ್ತಾರೆ. ನಾವು ಊರಿಂದ ಹೊತ್ತು ತಂದ ಕಲ್ಲಿನ ಕುಟ್ಟಾಣಿ ಇಡುತ್ತೇವೆ. ಬೆಳ್ಳುಳ್ಳಿ ಕುಟ್ಟಿದ್ದೂ ಅದೇ, ಕೊನೆಗೆ ಮೇಲೆ ಕೂರುವುದೂ ಅದೇ. ಮೂರು ನಾಲ್ಕು ನಿಮಿಷ, ಮಗುಚಿ ಮತ್ತೆ ಮೂರು ನಾಲ್ಕು ನಿಮಿಷ. ಬ್ರೆಡ್ಡಿನೊಳಗಿನ ಗಾಳಿ ಹೊರಗೆ ಹೋಗಿ, ಪದರಗಳೆಲ್ಲ ಒಂದಕ್ಕೊಂದು ತಾಗಿ, ಶಾಖ ಒಳಗಿಳಿದು ಚೀಸ್ ಕರಗುತ್ತದೆ. ಸ್ಯಾಂಡ್‌ವಿಚ್ ಮೊದಲಿನ ಅರ್ಧ ದಪ್ಪಕ್ಕೆ ಬಂದಿರಬೇಕು. ಉರಿ ಜೋರು ಮಾಡಿ ಅವಸರ ಮಾಡಿದರೆ ಮೇಲೆ ಕರಕಲು, ಒಳಗೆ ತಣ್ಣಗೆ. ಮೂಲೆಯಿಂದ ಮೂಲೆಗೆ ಓರೆಯಾಗಿ ಕತ್ತರಿಸಿ ಬಿಸಿಬಿಸಿಯಾಗಿ ಕೊಡಿ.

ಹಂದಿಮಾಂಸ ತಿನ್ನದ, ಆದರೆ ಬೇರೆ ಮಾಂಸ ತಿನ್ನುವ ಮನೆಗಳೂ ನಮ್ಮ ಕೂಟದಲ್ಲಿ ಸಾಕಷ್ಟಿವೆ. ಅವರು ಇದೇ ರಸದಲ್ಲಿ ಕೋಳಿಯನ್ನು ನೆನೆಸಿ ಬೇಯಿಸಿ, ಹ್ಯಾಮ್ ಸಲಾಮಿಯ ಜಾಗಕ್ಕೆ ಟರ್ಕಿಯ ಹಾಳೆ ಹಾಕಬಹುದು. ಸಸ್ಯಾಹಾರಿಗಳಿಗೆ ನಮ್ಮ ಸಲಹೆ ಎಳೆ ಹಲಸಿನಕಾಯಿ, ನಮ್ಮ ಗುಜ್ಜೆ. ಏಷ್ಯನ್ ಅಂಗಡಿಯಲ್ಲಿ ಉಪ್ಪುನೀರಿನ ಡಬ್ಬಿಯಲ್ಲಿ ಸಿಗುತ್ತದೆ. ಸಕ್ಕರೆ ಪಾಕದ ಡಬ್ಬಿ ತರಬೇಡಿ. ಚೆನ್ನಾಗಿ ತೊಳೆದು ಹಿಂಡಿ, ಅದೇ ಕಿತ್ತಳೆ, ನಿಂಬೆ, ಜೀರಿಗೆ, ಒರೆಗಾನೊ ರಸದಲ್ಲಿ ಒಂದು ಗಂಟೆ ನೆನೆಸಿ, ಎಣ್ಣೆಯಲ್ಲಿ ಅಂಚು ಕೆಂಪಾಗುವವರೆಗೆ ಹುರಿಯಿರಿ. ಕೊಬ್ಬು ಹಾಕದ ಬ್ರೆಡ್, ಚೀಸ್, ಸಾಸಿವೆ, ಉಪ್ಪಿನಕಾಯಿ. ಒತ್ತುವುದು ಹಾಗೆಯೇ. ಬೆಳ್ಳುಳ್ಳಿ ತಿನ್ನದವರು ಇಂಗು ಹಾಕಿ ನೋಡಿ, ನಾವು ಹಾಕಿ ನೋಡಿದ್ದೇವೆ, ಚೆನ್ನಾಗಿರುತ್ತದೆ.

ಈ ಗುಜ್ಜೆಯ ಸ್ಯಾಂಡ್‌ವಿಚ್ ಹುಟ್ಟಿದ್ದಕ್ಕೂ ಕಾರಣವಿದೆ. ನಮ್ಮ ಬೀದಿಯಲ್ಲೇ ಮೈಸೂರಿನ ಅಗ್ರಹಾರದ ಕಡೆಯ ಒಂದು ಕುಟುಂಬ ಇತ್ತು. ಆ ಮನೆಯ ಹಿರಿಯಮ್ಮ ಮಗನ ಮನೆಗೆ ಬಂದು ಆರು ತಿಂಗಳಿರುತ್ತಿದ್ದರು. ಮಧ್ಯಾಹ್ನ ಒಬ್ಬರೇ ಎಂದು ನಮ್ಮ ಮನೆಗೆ ಬರುತ್ತಿದ್ದರು. ಮೊದಲ ದಿನವೇ ಮುಖಕ್ಕೆ ಮುಖ ಕೊಟ್ಟು ಕೇಳಿದರು: "ನೋಡಮ್ಮಾ, ತಪ್ಪು ತಿಳೀಬೇಡ. ಈ ಕಾವಲಿ ಮೇಲೆ ಅದನ್ನೂ ಮಾಡ್ತೀರಾ?" ಕಾಫಿ ಕುಡಿದು ಹೋಗಬಹುದಿತ್ತು, ಕೇಳಿದರು. ಆ ಶನಿವಾರವೇ ನಾವು ಇನ್ನೊಂದು ಕಾವಲಿ ಕೊಂಡೆವು. ಊರಿಂದ ತಂದದ್ದನ್ನು ದೋಸೆಗೇ ಮೀಸಲಿಟ್ಟೆವು. ಅವರು ಆ ಕಾವಲಿಯ ದೋಸೆ ತಿನ್ನುತ್ತಾ ನಮ್ಮ ಮಗನ ಹಾಳೆಯ ವಿಚಾರ ಕೇಳಿಸಿಕೊಂಡರು. ಚಿತ್ರ ತರಿಸಿಕೊಂಡು ಕನ್ನಡಕ ಹಾಕಿ ನೋಡಿದರು. ಎರಡು ಒತ್ತಕ್ಷರ ತಿದ್ದಿದರು. ಆಮೇಲೆ ಹೇಳಿದರು: "ಅದರ ವಾಸನೆ ನನಗೆ ಆಗಿಬರಲ್ಲ. ಆದರೆ ಮಗು ಬರೆದದ್ದನ್ನ ಗೋಡೆಗೆ ಹಾಕಬಹುದಿತ್ತು. ಓದೋದಕ್ಕೆ ಮೂಗು ಬೇಕಾಗಿಲ್ಲವಲ್ಲ." ಆ ಹಾಳೆ ಅಂದಿನಿಂದ ನಮ್ಮ ಫ್ರಿಜ್ಜಿನ ಬಾಗಿಲ ಮೇಲಿದೆ. ಆಕೆ ಈಗಿಲ್ಲ. ತಿದ್ದಿದ ಎರಡು ಒತ್ತಕ್ಷರ ಇವೆ. ಮರುವರ್ಷ ಮಗ ತಾನಾಗಿ ತರಗತಿಗೆ ವಾಪಸು ಹೋದ. ಯಾರು ಕಳಿಸಿದರು, ಸ್ಯಾಂಡ್‌ವಿಚ್ಚೋ ಹಿರಿಯಮ್ಮನೋ, ಎಂದು ನಾವಿಬ್ಬರೂ ಇನ್ನೂ ವಾದಿಸುತ್ತೇವೆ.

ಮಗ ಈಗ ಷಿಕಾಗೋದಲ್ಲಿದ್ದಾನೆ. ಆಫೀಸು, ಮನೆ ಸಾಲ, ಹವೆ ಎಲ್ಲವನ್ನೂ ಇಂಗ್ಲಿಷಿನಲ್ಲೇ ಮಾತಾಡುತ್ತಾನೆ. ಆದರೆ ಅಡುಗೆಗೆ ನಿಂತಾಗ ಮಾತ್ರ ಫೋನಿನಲ್ಲಿ "ಅಮ್ಮಾ, ಹುಳಿ ಎಷ್ಟು ಹಾಕೋದು? ಕಾವಲಿ ಎಷ್ಟು ಕಾದಿರಬೇಕು?" ಎಂದು ಕೇಳುತ್ತಾನೆ. ಹದ, ಉರಿ, ಕುಟ್ಟು, ಸೀದು, ಮಗುಚು. ಈ ಮಾತುಗಳಿಗೆ ಅವನಲ್ಲಿ ಬೇರೆ ಭಾಷೆಯೇ ಇಲ್ಲ. ಊಟದ ಜೊತೆ ಬಂದ ಭಾಷೆ ಊಟದ ಜೊತೆಗೇ ಉಳಿಯುತ್ತದೆ. ಒಂದನ್ನು ಬಾಗಿಲಲ್ಲಿ ನಿಲ್ಲಿಸಿದರೆ ಇನ್ನೊಂದು ಒಳಗೆ ಬರಲು ಹಿಂಜರಿಯುತ್ತದೆ. ಕೂಟದ ಹಬ್ಬದೂಟದಲ್ಲಿ ಮಾಂಸ ಬಡಿಸಿ ಎಂದು ನಾವು ಕೇಳುತ್ತಿಲ್ಲ, ಕೇಳುವುದೂ ಇಲ್ಲ. ಎಲ್ಲರೂ ಕೂಡಿ ಉಣ್ಣಬಹುದಾದ ಎಲೆ ಅದು, ಹಾಗೇ ಇರಲಿ. ನಾವು ಕೇಳುವುದು ಇಷ್ಟೇ: ಮಕ್ಕಳು ತಮ್ಮ ಮನೆಯ ಊಟವನ್ನು ಕನ್ನಡದಲ್ಲಿ ಬರೆದು ತಂದರೆ, ಅದು ರಾಗಿ ಮುದ್ದೆ ನಾಟಿಕೋಳಿ ಸಾರಾಗಲಿ, ಮಂಗಳೂರಿನ ಮೀನಾಗಲಿ, ಭಟ್ಕಳದ ಬಿರಿಯಾನಿಯಾಗಲಿ, ಗೋಡೆಗೆ ಹಾಕಿ. ಈ ಪತ್ರಿಕೆಯ ಪುಟದಲ್ಲಂತೂ ಈ ಸಲ ಹಾಕಿದ್ದಾರೆ, ಸಂಪಾದಕರಿಗೆ ನಮಸ್ಕಾರ.

ಮಾಡಿ ನೋಡಿ, ಹೇಗಾಯಿತು ಎಂದು ಹೇಳಿ. ಮಾಡುವುದು ಬೇಸರವೆನಿಸಿದರೆ ಯಾವ ಶನಿವಾರವಾದರೂ ನಮ್ಮ ಮನೆಗೆ ಬನ್ನಿ. ಬರುವ ಮುಂಚೆ ಒಂದು ಫೋನ್ ಮಾಡಿ ಗುಜ್ಜೆಯೋ ಮಾಂಸವೋ ಹೇಳಿದರೆ ಸಾಕು. ಕಾವಲಿ ಎರಡಿವೆ. ಕುಟ್ಟಾಣಿ ಒಂದೇ ಇದೆ, ಆದರೆ ಅದನ್ನು ಸೋಪು ಹಾಕಿ ತೊಳೆದಿರುತ್ತೇವೆ.